ರಗ್ಗಿನೊಳಗೊಂದು ಸ್ಟುಡಿಯೋ

ಇವತ್ತು ಪಾಡ್‌ಕಾಸ್ಟಿನ ಮೊದಲ ಕಂತು ರೆಕಾರ್ಡ್ ಮಾಡಿದೆ. ಎಲ್ಲಿ ಅಂತೀರಾ? ಮಂಚದ ಮೇಲೆ, ರಗ್ಗು ಹೊದ್ದುಕೊಂಡು.

ಬರಿಗೋಡೆಯ ರೂಮಲ್ಲಿ ಮಾತಾಡಿದರೆ ಬಾವಿಯೊಳಗಿಂದ ಕರೆದ ಹಾಗೆ ಕೇಳುತ್ತದೆ. ದಪ್ಪ ಬಟ್ಟೆ ಆ ಪ್ರತಿಧ್ವನಿಯನ್ನು ನುಂಗಿಬಿಡುತ್ತದೆ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ನೇರ ಇಟ್ಟರೆ 'ಪ' ಬಂದಾಗೆಲ್ಲ ಧಬ್ ಅಂತ ಗಾಳಿ ಬಡಿಯುತ್ತದೆ. ಪಾಡ್‌ಕಾಸ್ಟ್ ಅನ್ನೋ ಹೆಸರೇ 'ಪ'ದಿಂದ ಶುರು, ನೋಡಿ!

ಫ್ಯಾನ್ ಆಫ್. ಬೆವರೋ ಬೆವರು. 18ನೇ ನಿಮಿಷಕ್ಕೆ ಮಾತು ಹದಕ್ಕೆ ಬಂದಿತ್ತು, ಕುಕ್ಕರ್ ಕೂಗಿತು. ಹಿಂದೆಯೇ ಅಮ್ಮ, "ಎಷ್ಟಾಯ್ತೋ ಇದು, ಎರಡಾ ಮೂರಾ?"

ರೆಕಾರ್ಡಿಂಗ್ ತಿದ್ದೋಕೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ತೆರೆದು ಕೂತೆ. ಫ್ಯಾನಿನ ಥರ ಒಂದೇ ಸಮನೆ ಗುಂಯ್ ಅನ್ನೋ ಸದ್ದಾದರೆ ಸುಲಭ. ಮಾತಿಲ್ಲದ ಎರಡು ಸೆಕೆಂಡಿನ ತುಣುಕು ತೋರಿಸಿದರೆ ಸಾಕು, ಉಳಿದ ಕಡೆಯೂ ಅದನ್ನು ಜಾಲಿಸಿ ತೆಗೆಯುತ್ತದೆ. ವಿಷಲ್ ಹಾಗಲ್ಲ. ಮಾತಿನ ಮೇಲೇ ಹತ್ತಿ ಕೂತಿರುತ್ತದೆ.

ಆ ಜಾಗವನ್ನು ನಾಲ್ಕು ಸಲ ಕೇಳಿದೆ. ಅಷ್ಟು ಹೊತ್ತೂ ವಾರ್ತೆ ಓದುವವರ ಥರ ಗಂಟಲು ಬಿಗಿದಿದ್ದೆ. "ಮೂರಮ್ಮಾ" ಅಂತ ಕೂಗಿದ್ದು ಮಾತ್ರ ನನ್ನದೇ ದನಿ.

ನಾಳೆ ಮೊದಲ 18 ನಿಮಿಷ ಮತ್ತೆ ರೆಕಾರ್ಡ್ ಮಾಡಬೇಕು. ವಿಷಲ್ ಹಾಗೇ ಇರಲಿ, ಅಲ್ವಾ?