ಗೋಡೆಯಾಚೆಯ ದೂರು

ಮರದ ಕೊಂಬೆ ಕಡಿಯುವ ಕೆಲಸಕ್ಕೆ ಹೋದಾಗ ಗರಗಸಕ್ಕಿಂತ ಮೊದಲು ಹೊರಗೆ ಬರಬೇಕಾದದ್ದು ಮೊಬೈಲ್ ಕ್ಯಾಮೆರಾ. ಪಕ್ಕದವರ ಕಾಂಪೌಂಡ್, ಹೆಂಚು, ಕಿಟಕಿ ಗಾಜು, ಹೂಕುಂಡ ಎಲ್ಲದರ ಫೋಟೊ ತಾರೀಖಿನ ಸಮೇತ ಇರಲಿ. "ಈ ಬಿರುಕು ನಿಮ್ಮಿಂದಲೇ ಆಯ್ತು" ಅನ್ನುವ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹೆಚ್ಚಿನ ಜಗಳ ಗಡಿ ದಾಟಿದ ಕೊಂಬೆಯದು. "ತಲೆ ಪೂರ್ತಿ ಹಾರಿಸಿಬಿಡಿ" ಅಂತ ಆಚೆಯಿಂದ ಒತ್ತಾಯ ಬಂದರೆ ಒಪ್ಪಲೇಬೇಡಿ. ಬೋಳಿಸಿದ ಮರ ಮತ್ತೆ ದಟ್ಟವಾಗಿ ಚಿಗುರುತ್ತದೆ, ಆದರೆ ಆ ಚಿಗುರಿಗೆ ಬುಡದ ಹಿಡಿತ ಇರುವುದಿಲ್ಲ. ದಪ್ಪಗಾದ ಮೇಲೆ ಗಾಳಿಗೆ ಮುರಿದು ಅದೇ ಅಂಗಳಕ್ಕೆ ಬೀಳುತ್ತದೆ. ಇದನ್ನು ಸಮಾಧಾನವಾಗಿ ಹೇಳಿ. ಅವರ ಸಿಟ್ಟಿನ ಹಿಂದೆ ಎಷ್ಟೋ ಸಲ ಇರುವುದು ಮಳೆಗಾಳಿಯ ಭಯ ಅಷ್ಟೇ.

ಗೋಡೆಯ ಮೇಲೆ ಚಾಚಿದ ಕೊಂಬೆಯನ್ನು ಮೊದಲು ಹಗ್ಗಕ್ಕೆ ಕಟ್ಟಿಕೊಳ್ಳಿ. ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ, ಅಡಿಯಿಂದ ಮೂರರಲ್ಲೊಂದು ಪಾಲು ಕೊಯ್ಯಿರಿ. ಇನ್ನೂ ತುಸು ಆಚೆ ಮೇಲಿನಿಂದ ಕೊಯ್ದು ಇಳಿಸಿ. ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬಿಗೆ ತಾಗದಂತೆ, ಅದರ ಹೊರಗೇ ತೆಗೆಯಿರಿ. ಅಡಿಯ ಕೊಯ್ತ ಬಿಟ್ಟರೆ ಕೊಂಬೆಯ ಭಾರಕ್ಕೆ ತೊಗಟೆ ಕಾಂಡದುದ್ದಕ್ಕೂ ಸೀಳಿ ಬರುತ್ತದೆ. ಉಬ್ಬನ್ನೇ ಕೊಯ್ದರೆ ಗಾಯ ಮುಚ್ಚುವುದಿಲ್ಲ, ಕೊಳೆಯುತ್ತದೆ.

ಸದ್ದು, ಹೊಟ್ಟಿನ ದೂರಿಗೆ ಹಿಂದಿನ ದಿನವೇ ಸಮಯ ತಿಳಿಸಿ, ಕಾರು ತೆಗೆಸಿ, ಒಣಹಾಕಿದ ಬಟ್ಟೆ ಒಳಗಿಡಲು ಹೇಳಿ. ಯಾರಾದರೂ ಕೂಗುತ್ತಾ ಮರದಡಿಗೆ ಬಂದರೆ ಯಂತ್ರ ಆರಿಸಿ, ಕೆಳಗಿಳಿದೇ ಮಾತಾಡಿ.