ಯಲ್ಲೋ ಕ್ಯಾಟ್ ಕೈಗೆ ಬಂದ ರಾತ್ರಿ

ಅಮೆರಿಕದ ಸೇಂಟ್ ಲೂಯಿಸ್‌ಗೆ ಬಂದು ಮೂರು ವರ್ಷವಾದರೂ ನಾನು ಮಿಸಿಸಿಪ್ಪಿ ನದಿಯಲ್ಲಿ ಗಾಳ ಹಾಕಿರಲಿಲ್ಲ. ಕಳೆದ ಜುಲೈನಲ್ಲಿ ಪಕ್ಕದ ಮನೆಯ ಅಜ್ಜ, ಯಲ್ಲೋ ಕ್ಯಾಟ್ ಮೀನು ಹಿಡಿಯೋಣ ಬಾ, ಲೈಸೆನ್ಸ್ ಮಾಡಿಸಿಕೋ ಅಂದರು. ಗಾಳ ಕೊಳ್ಳಲು ಹೋದರೆ ಅಂಗಡಿಯವನು "ಷವಲ್‌ಹೆಡ್‌ಗಾ?" ಅಂತ ಕೇಳಿದ. ಷವಲ್ ಅಂದರೆ ಸಲಿಕೆ. ಆಫೀಸಿನಲ್ಲಿರುವ ಲೂಯಿಸಿಯಾನದ ಗೆಳೆಯ, ತಮ್ಮ ಕಡೆ ಅದನ್ನು ಓಪಲೂಸಸ್ ಅಂತಾರೆ, ಅವನ ಅಜ್ಜಿ ಗೂಜೋನ್ ಅಂತಿದ್ದರು ಅಂದ. ಓಪಲೂಸಸ್ ಅನ್ನೋದು ಅಲ್ಲಿನ ಒಂದು ಊರು, ಅದಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳ ಹೆಸರು. ಗೂಜೋನ್ ಫ್ರೆಂಚ್ ಮಾತು, ಫ್ರಾನ್ಸಿನಲ್ಲಿ ಅದು ಗೇಣುದ್ದವೂ ಇಲ್ಲದ ಬೇರೆಯೇ ಮೀನು!

ಇಷ್ಟೂ ಹೆಸರು ಫ್ಲ್ಯಾಟ್‌ಹೆಡ್ ಕ್ಯಾಟ್‌ಫಿಶ್ ಅನ್ನುವ ಒಂದೇ ಮೀನಿನದು. ಮಡ್‌ಕ್ಯಾಟ್ ಅಂತಲೂ ಕರೀತಾರೆ. ಆದರೆ ಬುಲ್‌ಹೆಡ್ ಅನ್ನುವ ಚಿಕ್ಕ ಮೀನಿಗೂ ಅದೇ ಹೆಸರು ಇರೋದರಿಂದ ನನಗೆ ಆ ಹೆಸರು ಅಷ್ಟು ಸರಿ ಅನ್ನಿಸಲಿಲ್ಲ.

ಕತ್ತಲಾದ ಮೇಲೆ ನದಿಗೆ ಬಿದ್ದ ಒಂದು ದೊಡ್ಡ ಮರದ ಹತ್ತಿರ ದೋಣಿ ನಿಲ್ಲಿಸಿದೆವು. ಬೇರೆ ಕ್ಯಾಟ್‌ಫಿಶ್‌ಗಳು ನಾರುವ ಮಾಂಸಕ್ಕೂ ಬರುತ್ತವೆ, ಇದಕ್ಕೆ ಮಾತ್ರ ಜೀವಂತ ಮೀನೇ ಬೇಕು. ಅಜ್ಜ ಅಂಗೈ ಅಗಲದ ಬ್ಲೂಗಿಲ್ ಮೀನನ್ನು ಗಾಳಕ್ಕೆ ಚುಚ್ಚಿ ಬಿಟ್ಟರು. 1998ರಲ್ಲಿ ಕ್ಯಾನ್ಸಸ್‌ನ ಎಲ್ಕ್ ಸಿಟಿ ಜಲಾಶಯದಲ್ಲಿ 123 ಪೌಂಡಿನದು, ಅಂದರೆ ಹೆಚ್ಚುಕಮ್ಮಿ 56 ಕಿಲೋದ್ದು ಸಿಕ್ಕಿದ ಕತೆ ಹೇಳುತ್ತಾ ಕೂತಿದ್ದರು.

ಹನ್ನೊಂದೂವರೆಗೆ ಗಾಳದ ಕೋಲು ಸುಮ್ನೆ ಬಾಗಿತು. ಜಗ್ಗಾಟ ಇಲ್ಲ, ಯಾರೋ ತಳದಲ್ಲಿ ಹಗ್ಗ ಹಿಡಿದು ನಿಧಾನ ನಡೆದುಹೋದ ಹಾಗೆ. ಇಪ್ಪತ್ತು ನಿಮಿಷ ಎಳೆದಿರಬೇಕು, ತೋಳು ನಡುಗುತ್ತಿತ್ತು. ದೋಣಿಯ ಪಕ್ಕ ತಲೆ ಎದ್ದಾಗ ಟಾರ್ಚ್ ಬೆಳಕಿನಲ್ಲಿ ಮೊದಲು ಕಂಡಿದ್ದು ಬಾಯಿ. ಕೆಳದವಡೆ ಮೇಲಿನದಕ್ಕಿಂತ ಮುಂದೆ ಚಾಚಿತ್ತು. ತಲೆ ಮೇಲಿಂದ ಒತ್ತಿದಂತೆ ಚಪ್ಪಟೆ, ಕಣ್ಣು ಬಟಾಣಿ ಗಾತ್ರ. ಮೈಯೆಲ್ಲಾ ಹಳದಿ ಮಿಶ್ರಿತ ಕಂದು, ಮಚ್ಚೆ ಮಚ್ಚೆ. ಬಾಲ ಕವಲಿಲ್ಲದೆ ನೇರ. ಪಕ್ಕದ ರೆಕ್ಕೆಯ ಮುಳ್ಳು ಜೋಪಾನ ಅಂತ ಅಜ್ಜ ಎಚ್ಚರಿಸಿದರು. ಬಾಯೊಳಗೆ ಹೆಬ್ಬೆರಳು ಇಟ್ಟರೆ ಹಲ್ಲುಗಳು ಉಪ್ಪುಕಾಗದದ ಹಾಗೆ ತರಿತರಿ. ತೂಕ 31 ಪೌಂಡ್.

ಆ ಲೋಳೆ ಮೈ ಮುಟ್ಟಿದ್ದೇ ನನಗೆ ತೀರ್ಥಹಳ್ಳಿ ಕಡೆಯ ಮುರುಗೋಡು ನೆನಪಾಯಿತು. ಮೊದಲ ಮಳೆಗೆ ಗದ್ದೆ ಬದುವಿನಲ್ಲಿ ಅಪ್ಪಯ್ಯ ಹಿಡಿದು ತೋರಿಸುತ್ತಿದ್ದ ಮೀನು ಅದು, ಅದಕ್ಕೂ ಹೀಗೇ ಚಪ್ಪಟೆ ತಲೆ, ಮೀಸೆ, ಪರೆ ಇಲ್ಲದ ಮೈ.

ಇಷ್ಟು ದೊಡ್ಡದು ನದಿಯಲ್ಲೇ ಇರಬೇಕು ಅಂತ ಅಜ್ಜ ಅಂದರು, ನನಗೂ ಅದೇ ಸರಿ ಅನ್ನಿಸಿತು. ನೀರಿನಲ್ಲಿ ಹಿಡಿದುಕೊಂಡೇ ಇದ್ದೆ. ಎರಡು ಸಲ ಕಿವಿರು ತೆರೆದು ಮುಚ್ಚಿತು, ಆಮೇಲೆ ಅಂಗೈಯಿಂದ ಜಾರಿ ಕೆಳಗಿಳಿಯಿತು.

ಮನೆಗೆ ಬಂದು ಊರಿಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸಿದೆ.

"ಮುರುಗೋಡಿನ ದೊಡ್ಡಪ್ಪ ಇದ್ದಂಗಿದೆಯಲ್ಲಾ ಮಾರಾಯ," ಅಂದರು ಅಪ್ಪಯ್ಯ. "ಅಲ್ಲಿಯವರು ಏನಂತಾರೆ ಇದಕ್ಕೆ?"

ಒಂದೊಂದಾಗಿ ಎಲ್ಲಾ ಹೆಸರೂ ಹೇಳಿದೆ. ಗೂಜೋನ್ ಅನ್ನೋದನ್ನ ಮಾತ್ರ ಅವರು ಎರಡು ಸಲ ಹೇಳಿಸಿಕೊಂಡರು.