ಬಟ್ ಜಾಯಿಂಟಿನ ಉಬ್ಬು ಕೊನೆಗೂ ಅಡಗಿತು

ಅಕ್ಕನ ಹೊಲಿಗೆ ಅಂಗಡಿಯ ಜಿಪ್ಸಂ ಬೋರ್ಡ್ ಪಾರ್ಟಿಷನ್ ನಿಂತಿದೆ. ಚಾನೆಲ್ ಬಿಗಿದಿದ್ದು, ಸ್ಟಡ್ ಎಂಬ ತಗಡಿನ ಕಂಬ ನಿಲ್ಲಿಸಿದ್ದು, ಒಳಗೆ ರಾಕ್‌ವುಲ್ ತುಂಬಿದ್ದೆಲ್ಲ ನಿಮಗೆ ಗೊತ್ತಿರುವ ಕೆಲಸವೇ. ನೇರ ಬಟ್ ಜಾಯಿಂಟಿಗೆ, ಅಂದರೆ ಎರಡು ಬೋರ್ಡುಗಳ ಅಗಲದ ಅಂಚು ಕೂಡುವ ಜಾಗಕ್ಕೆ, ಬರುತ್ತೇನೆ.

ಗೋಡೆ 14 ಅಡಿ ಉದ್ದ, 10 ಅಡಿ ಎತ್ತರ. 8 ಅಡಿ ಶೀಟ್ ಕೇಳಿದರೆ ಬಂದದ್ದು 6 ಅಡಿಯದು. "ಎಲ್ರೂ ಇದನ್ನೇ ಹಾಕೋದು ಸಾರ್" ಅಂತ ಮಾಲು ಕೊಟ್ಟವನ ಸಮಾಧಾನ ಬೇರೆ. ಅಡ್ಡಲಾಗಿ ಕೂರಿಸಿದ ಶೀಟುಗಳ ಸಾಲಿಗೆ ಒಂದು ಬಟ್ ಆಗಬೇಕಿದ್ದಲ್ಲಿ ಎರಡಾದವು. ಜಾಯಿಂಟಿನ ಮೇಲೆ ಕೂರಿಸುವ ಪೇಪರ್ ಟೇಪ್ ಬರೆದುಕೊಟ್ಟರೆ ಬಲೆಯಂಥ ಮೆಶ್ ಟೇಪ್ ಕಳಿಸಿದರು. ಸಂದಿ ತುಂಬುವ ಡಬ್ಬದ ರೆಡಿಮಿಕ್ಸ್ ಕಾಂಪೌಂಡಿನ ಜೊತೆ ಮೆಶ್ ಹಾಕಿದರೆ ಬಿರುಕು ಬರುವ ಸಾಧ್ಯತೆ ಹೆಚ್ಚು. ನೀರಲ್ಲಿ ಕಲಸಿ ಗಟ್ಟಿಯಾಗುವ ಪುಡಿಗಾದರೆ ಸರಿ. ವಾಪಸ್ ಕೊಟ್ಟು ಜಗಳವಾಡಿ ಪೇಪರ್ ಟೇಪೇ ತಂದೆ.

ಬೋರ್ಡಿನ ಉದ್ದದ ಅಂಚಿಗೆ ಕಾರ್ಖಾನೆಯಲ್ಲೇ ಇಳಿಜಾರು ಕೊಟ್ಟಿರುತ್ತಾರೆ, ಟೇಪು ಕಾಂಪೌಂಡು ಎರಡೂ ಆ ತಗ್ಗಿನಲ್ಲಿ ಕೂರುತ್ತವೆ. ಅಗಲದ ಅಂಚಿಗೆ ಆ ಭಾಗ್ಯ ಇಲ್ಲ. ಅಲ್ಲಿ ಹಚ್ಚಿದ್ದೆಲ್ಲ ಮೇಲೆದ್ದು ನಿಲ್ಲುತ್ತದೆ. ಅಂಗಡಿಯ ಮುಂದಿನ ಗಾಜಿನಿಂದ ಬೆಳಗಿನ ಬಿಸಿಲು ಗೋಡೆಯನ್ನು ಸವರಿಕೊಂಡು ಬರುವಾಗ ಪ್ರತಿ ಬಟ್ಟೂ ಮೇಲಿಂದ ಕೆಳಗೆ ನೆರಳಿನ ಗೆರೆ ಎಳೆಯುತ್ತಿತ್ತು. ರೂಢಿಯ ಉಪಾಯ ಎಂದರೆ ಎರಡು ಅಡಿ ಅಗಲಕ್ಕೆ ಕಾಂಪೌಂಡ್ ಎಳೆದು ಉಬ್ಬನ್ನು ಮರೆಸುವುದು. ಅಷ್ಟು ಮಾಲು, ಅಷ್ಟು ಉಜ್ಜುವುದು, ಅಷ್ಟು ಧೂಳು, ಆಮೇಲೂ ಗೆರೆ ಹೋಗಲಿಲ್ಲ.

ಇನ್ನೊಂದು ಕಾರಣ ಸ್ಟಡ್ಡಿನಲ್ಲಿತ್ತು. ಅರ್ಧ ಮಿಲಿಮೀಟರ್ ತಗಡು. ಮೊದಲ ಬೋರ್ಡಿನ ಸ್ಕ್ರೂ ಒತ್ತುವಾಗ ಸ್ಟಡ್ಡಿನ ಅಂಚು ಒಳಗೆ ಬಾಗುತ್ತದೆ, ಎರಡನೆಯ ಬೋರ್ಡ್ ಒಂದು ಕೂದಲು ಮೇಲೆ ಕೂರುತ್ತದೆ. ಹಾಗಾದರೆ ಜಾಯಿಂಟ್ ಸ್ಟಡ್ ಮೇಲೆ ಯಾಕಿರಬೇಕು?

ಎಲ್ಲ ಬಿಚ್ಚಿದೆ. ಸ್ಟಡ್‌ಗಳು ಎರಡೆರಡು ಅಡಿಗೆ ಇವೆ. ಕೆಳಗಿನ ಸಾಲನ್ನು 5, 6, 3 ಅಡಿ, ಅದರ ಮೇಲಿನದನ್ನು 3, 6, 5 ಅಡಿ ಮಾಡಿದಾಗ ಪ್ರತಿ ಬಟ್ಟೂ ಎರಡು ಸ್ಟಡ್‌ಗಳ ನಡುವೆ ಬಂತು. ಜಾಯಿಂಟಿನ ಹಿಂದೆ ಹಳೇ ರ್‍ಯಾಕಿನ 12 ಮಿ.ಮೀ. ಪ್ಲೈವುಡ್‌ನಿಂದ ಕೊಯ್ದ ಆರು ಇಂಚಿನ ಪಟ್ಟಿ. ಆ ಪಟ್ಟಿಯ ಎರಡೂ ಉದ್ದದ ಅಂಚಿಗೆ ತೆಳು ರಟ್ಟು ಅಂಟಿಸಿದೆ. ಮೊದಲು ರಟ್ಟಿನ ಮೇಲೆ ಸ್ಕ್ರೂ, ಆಮೇಲೆ ಜಾಯಿಂಟಿನ ಪಕ್ಕದಲ್ಲಿ. ಕೊನೆಯ ಸ್ಕ್ರೂ ತಿರುಗುವಾಗ ಬೋರ್ಡಿನ ತುದಿ ಒಳಕ್ಕೆ ಎಳೆದುಕೊಳ್ಳುವುದು ಕೈಗೆ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಪಟ್ಟಿ ಅಡ್ಡ ಹಿಡಿದರೆ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳಕು! ನಾವೇ ಮಾಡಿದ ತಗ್ಗು. ಕೊಯ್ದ ಅಂಚಿನ ಹರಕಲು ಕಾಗದವನ್ನು ಚಾಕುವಿನಿಂದ ಓರೆಯಾಗಿ ಸವರಿ, ಆ ಸಂದಿ ತುಂಬಿ, ಟೇಪ್ ಕೂರಿಸಿದೆ. ಹತ್ತು ಇಂಚಿನ ಅಗಲದಲ್ಲೇ ಕೆಲಸ ಮುಗಿಯಿತು. ಈಗ ಬೆಳಗಿನ ಬಿಸಿಲಲ್ಲಿ ಅಂಗೈ ಆಡಿಸಿದರೂ ಜಾಯಿಂಟ್ ಎಲ್ಲಿದೆ ಅಂತ ಗೊತ್ತಾಗದು.

ಬಾಡಿಗೆ ಅಂಗಡಿಗಳ ಒಳಾಂಗಣ ಬಾಡಿಗೆದಾರ ಬದಲಾದಾಗಲೆಲ್ಲ ಕಸದ ಲಾರಿ ಹತ್ತುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಲ್ಲಿ ಫ್ರೇಮಿಗೆ ಬೋರ್ಡನ್ನು ಎಲ್ಲೂ ಅಂಟಿಸಿಲ್ಲ, ಎಲ್ಲ ಸ್ಕ್ರೂ; ಬಿಚ್ಚಿದರೆ ಸ್ಟಡ್ಡೂ ಚಾನೆಲ್ಲೂ ಇನ್ನೊಂದು ಗೋಡೆಗೆ ಆಗುತ್ತವೆ.

ಉಳಿದಿರುವುದು ಒಂದೊಂದು ಅಡಿಯ ಬೋರ್ಡ್ ತುಂಡುಗಳು. ಕಸದ ಗುಡ್ಡೆಯಲ್ಲಿ ಹೂತು ಗಾಳಿಯಿಲ್ಲದೆ ಒದ್ದೆಯಾದರೆ ಬ್ಯಾಕ್ಟೀರಿಯಾ ಇದರ ಸಲ್ಫೇಟನ್ನು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ, ಅದು ವಿಷ. ಆದರೆ ಒಳಗಿರುವುದು ಚಳ್ಳಕೆರೆ ಕಡೆ ಶೇಂಗಾಕ್ಕೆ ಹೂ ಬಿಡುವ ಹೊತ್ತಿಗೆ ಹಾಕುವ ಅದೇ ಜಿಪ್ಸಂ: ಕ್ಯಾಲ್ಸಿಯಂ ಸಲ್ಫೇಟ್. ಶೇಂಗಾ ಕಾಯಿ ಕ್ಯಾಲ್ಸಿಯಮ್ಮನ್ನು ಮಣ್ಣಿನಿಂದ ತಾನೇ ಹೀರುತ್ತದೆ, ಸಾಲದಿದ್ದರೆ ಜೊಳ್ಳಾಗುತ್ತದೆ. ಹಾಗಾಗಿ ಮುಂದಿನ ಪ್ರಾಜೆಕ್ಟ್ ಇದೇ: ತುಂಡು ನೆನೆಸಿ, ಕಾಗದ ಸುಲಿದು, ಒಣಗಿಸಿ ಪುಡಿ ಮಾಡಿ, ಮಾವನ ಹೊಲದ ಒಂದೇ ಸಾಲಿಗೆ ಹಾಕಿ ಪಕ್ಕದ ಸಾಲಿನೊಡನೆ ಹೋಲಿಸುವುದು. ಬಣ್ಣ ಹಚ್ಚಿದ್ದು, ತೇವ ತಡೆಯುವ ಹಸಿರು ಬೋರ್ಡ್ ಎರಡನ್ನೂ ಬೇರೆ ಇಟ್ಟಿದ್ದೇನೆ, ಅವುಗಳಲ್ಲಿ ಬೇರೆ ರಾಸಾಯನಿಕ ಇರುತ್ತವೆ. ಒಂದು ತುಂಡು ಆಗಲೇ ಬಕೆಟ್ಟಿನಲ್ಲಿ ನೆನೆಸಿ ನೋಡಿದೆ, ಕಾಗದ ಸಲೀಸಾಗಿ ಎದ್ದು ಬಂತು. ಪುಡಿ ಮಾಡಲು ಚಿಕ್ಕ ಹ್ಯಾಮರ್ ಮಿಲ್ ಯಾರ ಬಳಿಯಾದರೂ ಇದ್ದರೆ ಹೇಳಿ, ಬಾಡಿಗೆ ಕೊಡುತ್ತೇನೆ.